ಮೆದುಳಿನ ರಕ್ತನಾಳ ಕಿರಿದಾದರೆ: ಸ್ಟೆಂಟ್, ಬಲೂನ್, ಮಾತ್ರೆ – ಯಾವುದು ಯಾರಿಗೆ?

"ತಲೆಯಲ್ಲಿ ನರ ಬ್ಲಾಕ್ ಆಗಿದೆಯಂತೆ." ಲಕ್ವ ಹೊಡೆದವರ ಮನೆಯಲ್ಲಿ ಈ ಮಾತು ಕೇಳಿಯೇ ಕೇಳುತ್ತೇವೆ. ನಾವು ರಕ್ತ ಹರಿಯುವ ನಾಳಕ್ಕೂ ನರ ಅನ್ನುತ್ತೇವೆ, ಸ್ಪರ್ಶ, ನೋವು ತಿಳಿಸುವ ನರಕ್ಕೂ ನರವೇ ಅನ್ನುತ್ತೇವೆ. ಇಂಜೆಕ್ಷನ್ ಕೊಡುವ ಸಿಸ್ಟರ್ "ನರ ಸಿಗ್ತಾ ಇಲ್ಲ" ಅಂದರೆ ಅವರು ಹುಡುಕುತ್ತಿರುವುದು ರಕ್ತನಾಳವನ್ನು. ತಲೆಯೊಳಗೆ ಬ್ಲಾಕ್ ಆಗಿರುವುದೂ ರಕ್ತನಾಳವೇ. ಹೃದಯದಿಂದ ಹೊರಟು, ಕತ್ತು ದಾಟಿ, ಬುರುಡೆಯೊಳಗೆ ನುಗ್ಗಿ ಮೆದುಳಿಗೆ ರಕ್ತ ಹಂಚುವ ನಾಳ.

ಈ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. "ಹಾಗಾದ್ರೆ ಸ್ಟೆಂಟ್ ಹಾಕಿಸೋಣ." ಹಾಗನ್ನಿಸುವುದು ಸಹಜ. ಕಿರಿದಾದ ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಸಣ್ಣ ಲೋಹದ ಜಾಲರಿಯೇ ಸ್ಟೆಂಟ್. ಹೃದಯದ ಸ್ಟೆಂಟ್ ನಮಗೆ ಪರಿಚಿತ. ಬೆಂಗಳೂರಿನ ಜಯದೇವದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಒಂದೆರಡು ದಿನಕ್ಕೇ ಮನೆಗೆ ಬಂದ ಚಿಕ್ಕಪ್ಪನೋ ಪಕ್ಕದ ಮನೆಯವರೋ ಎಲ್ಲರಿಗೂ ಒಬ್ಬರಿರುತ್ತಾರೆ. ನಾಳ ಕಟ್ಟಿದೆ, ಬಿಡಿಸಿದರೆ ಆಯ್ತು, ಅಲ್ವಾ?

ಮೆದುಳಿನ ವಿಷಯದಲ್ಲಿ ಅಷ್ಟಕ್ಕೇ ಆಗಲಿಲ್ಲ. ಬಿಡಿಸಲು ಹೋಗಿ ಕೆಲವರಿಗೆ ಇನ್ನಷ್ಟು ಹಾನಿಯಾಯಿತು. ಅದನ್ನು ಒಪ್ಪಿಕೊಳ್ಳಲು ವೈದ್ಯರಿಗೂ ವರ್ಷಗಳೇ ಬೇಕಾದವು. ಆಮೇಲೆ 2024ರಲ್ಲಿ ಚೀನಾದಿಂದ ಬಂದ ಒಂದು ಅಧ್ಯಯನ ಮುಚ್ಚಿದ ಬಾಗಿಲನ್ನು ಮತ್ತೆ ಸ್ವಲ್ಪ ತೆರೆಯಿತು. ಅಪ್ಪನದೋ ಅಮ್ಮನದೋ ಆಂಜಿಯೋಗ್ರಾಮ್ ರಿಪೋರ್ಟ್ ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವವರಿಗೆ ಈ ಇಡೀ ಕಥೆ ಗೊತ್ತಿರಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಬ್ಬು ಕೂರುವ ಜಾಗ

ಬಿ.ಪಿ., ಶುಗರ್, ಕೊಲೆಸ್ಟರಾಲ್, ಬೀಡಿ-ಸಿಗರೇಟು, ವಯಸ್ಸು. ಇವೆಲ್ಲ ಸೇರಿ ನಾಳದ ಒಳಗೋಡೆಯಲ್ಲಿ ಕೊಬ್ಬು ಕೂರಿಸುತ್ತವೆ. ಅದು ಹೃದಯದ ನಾಳದಲ್ಲಿ ಕೂರಬಹುದು, ಕತ್ತಿನ ನಾಳದಲ್ಲಿ ಕೂರಬಹುದು, ಬುರುಡೆಯೊಳಗಿನ ನಾಳದಲ್ಲೂ ಕೂರಬಹುದು. ಯಾರಿಗೆ ಎಲ್ಲಿ ಜಾಸ್ತಿ ಎಂಬುದರಲ್ಲಿ ಜಗತ್ತು ಎರಡು ಭಾಗವಾಗಿದೆ. ಯುರೋಪ್ ಮೂಲದ ಬಿಳಿಯರಲ್ಲಿ ಕೊಬ್ಬು ಕತ್ತಿನ ನಾಳದಲ್ಲಿ ಜಾಸ್ತಿ. ಚೀನಾ, ಜಪಾನ್, ಕೊರಿಯಾ, ಭಾರತದವರಲ್ಲಿ ಮತ್ತು ಆಫ್ರಿಕಾ ಮೂಲದವರಲ್ಲಿ ಬುರುಡೆಯೊಳಗೆ ಜಾಸ್ತಿ. ರಕ್ತ ಕಟ್ಟಿ ಆಗುವ ಸ್ಟ್ರೋಕ್‌ಗಳನ್ನು (ಲಕ್ವ) ತೆಗೆದುಕೊಂಡರೆ, ಅಮೆರಿಕದ ಬಿಳಿಯರಲ್ಲಿ ನೂರಕ್ಕೆ ಹತ್ತರ ಆಸುಪಾಸು ಬುರುಡೆಯೊಳಗಿನ ನಾಳ ಹೀಗೆ ಕಿರಿದಾಗಿ ಆಗುತ್ತವೆ. ಏಷ್ಯಾದ ಹಲವು ಕಡೆ ಇದು ನೂರಕ್ಕೆ 30ರಿಂದ 50. ಹಾಗಾಗಿ ಇದು ನಮ್ಮ ಕಾಯಿಲೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿನ ಡಾಕ್ಟರು ಕತ್ತಿನ ಸ್ಕ್ಯಾನ್ ಮಾತ್ರ ಮಾಡಿ "ಎಲ್ಲ ಸರಿ ಇದೆ" ಅಂದರೆ, ತಲೆಯೊಳಗಿನ ನಾಳಗಳನ್ನೂ ನೋಡಿದಿರಾ ಎಂದು ಕೇಳಬಹುದು.

ಕಿರಿದಾದ ನಾಳದಿಂದ ಸ್ಟ್ರೋಕ್ ಆಗುವುದು ಒಂದೇ ದಾರಿಯಲ್ಲಿ ಅಲ್ಲ. ಮುಂದಿನ ಕಥೆಯೆಲ್ಲ ನಿಂತಿರುವುದು ಇದರ ಮೇಲೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಲನೆಯದು, ನೀರು ಕಮ್ಮಿಯಾದ ಕಾಲುವೆಯ ಹಾಗೆ. ಕಾಲುವೆಯ ಕೊನೆಯಲ್ಲಿರುವ ಗದ್ದೆಗೆ ನೀರು ತಲುಪುವುದಿಲ್ಲ, ಅದು ಮೊದಲು ಒಣಗುತ್ತದೆ. ನಾಳ ಬಹಳ ಕಿರಿದಾದರೆ ಅದರ ತುದಿಯಲ್ಲಿರುವ ಮೆದುಳಿನ ಭಾಗ ಹೀಗೆಯೇ ಸೊರಗುತ್ತದೆ. ಎರಡನೆಯದು, ಕೊಬ್ಬಿನ ಗಡ್ಡೆಯ ಮೇಲೆ ರಕ್ತ ಹೆಪ್ಪುಗಟ್ಟಿ, ಅದರ ಚೂರು ಕಳಚಿ ಮುಂದೆ ಹೋಗಿ ಇನ್ನೂ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುವುದು. ಮೂರನೆಯದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಮೆದುಳಿನ ದೊಡ್ಡ ನಾಳಗಳ ಪಕ್ಕದಿಂದ ಕೂದಲೆಳೆಯಂಥ ಕವಲುಗಳು ಹೊರಟು ನೇರವಾಗಿ ಮೆದುಳಿನ ಆಳಕ್ಕೆ ಇಳಿಯುತ್ತವೆ. ದೊಡ್ಡ ನಾಳದ ಗೋಡೆಯಲ್ಲಿ ಕೂತ ಕೊಬ್ಬು ಈ ಕವಲಿನ ಬಾಯಿಗೆ ಅಡ್ಡ ಬಂದರೆ ಸಾಕು. ದೊಡ್ಡ ನಾಳದಲ್ಲಿ ರಕ್ತ ಚೆನ್ನಾಗಿಯೇ ಹರಿಯುತ್ತಿರುತ್ತದೆ, ಆದರೂ ಕೈಕಾಲು ಬಿದ್ದುಹೋಗುತ್ತದೆ.

ಇನ್ನೊಂದು ಕಡೆ, ದೇಹ ಸುಮ್ನೆ ಕೂರುವುದಿಲ್ಲ. ಮೆದುಳಿನ ಬುಡದಲ್ಲಿ ನಾಳಗಳು ಒಂದಕ್ಕೊಂದು ಸೇರಿ ಬಳೆಯಂತೆ ಸುತ್ತುಗಟ್ಟಿವೆ. ಥಾಮಸ್ ವಿಲಿಸ್ ಎಂಬ ಇಂಗ್ಲೆಂಡಿನ ವೈದ್ಯ 1664ರಲ್ಲಿ ಇದನ್ನು ವಿವರಿಸಿದರು, ಇವತ್ತಿಗೂ ಅದಕ್ಕೆ ಅವರದೇ ಹೆಸರಿದೆ. ಒಂದು ಕಡೆ ದಾರಿ ಕಿರಿದಾದರೆ ಇನ್ನೊಂದು ಕಡೆಯಿಂದ ರಕ್ತ ಸುತ್ತಿಕೊಂಡು ಬರುತ್ತದೆ. ನಾಳ ನಿಧಾನವಾಗಿ, ವರ್ಷಗಟ್ಟಲೆ ಕಿರಿದಾಗಿದ್ದರೆ ಈ ಅಡ್ಡದಾರಿಗಳು ದಪ್ಪವಾಗಿ ಬೆಳೆದಿರುತ್ತವೆ. ರಿಪೋರ್ಟಿನಲ್ಲಿ ಒಂದೇ ರೀತಿ "ಶೇ. 80 ಬ್ಲಾಕ್" ಎಂದು ಬರೆದಿದ್ದರೂ, ಒಬ್ಬರು ಆರಾಮವಾಗಿ ತೋಟದ ಕೆಲಸ ಮಾಡಿಕೊಂಡಿರುತ್ತಾರೆ, ಇನ್ನೊಬ್ಬರಿಗೆ ತಿಂಗಳೊಳಗೆ ಎರಡನೇ ಸ್ಟ್ರೋಕ್ ಆಗುತ್ತದೆ. ಶೇಕಡಾವಾರು ಒಂದನ್ನೇ ಹಿಡಿದುಕೊಂಡು ಹೆದರಬಾರದು ಎನ್ನುವುದು ಇದಕ್ಕೇ.

ಬಿಡಿಸಿದರೆ ಆಯ್ತು ಎಂಬ ನಂಬಿಕೆ

ಕತ್ತಿನ ನಾಳದಲ್ಲಿ ಆ ನಂಬಿಕೆ ನಿಜವಾಯಿತು. 1991ರಲ್ಲಿ ಬಂದ ಉತ್ತರ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಈಗಾಗಲೇ ಸ್ಟ್ರೋಕ್ ಅಥವಾ ಅದರ ಮುನ್ಸೂಚನೆ (ಸ್ವಲ್ಪ ಹೊತ್ತು ಕಾಣಿಸಿ ಹೋಗುವ ಸ್ಟ್ರೋಕ್ ಲಕ್ಷಣ) ಕಂಡಿದ್ದು, ಕತ್ತಿನ ನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾದವರಿಗೆ ಆಪರೇಷನ್ ಮಾಡಿ ಕೊಬ್ಬು ತೆಗೆದರು. ಎರಡು ವರ್ಷದಲ್ಲಿ ಅದೇ ಬದಿಯ ಸ್ಟ್ರೋಕ್ ಮಾತ್ರೆಯಲ್ಲಿದ್ದವರಲ್ಲಿ ನೂರಕ್ಕೆ 26 ಜನಕ್ಕೆ ಆದರೆ, ಆಪರೇಷನ್ ಆದವರಲ್ಲಿ 9 ಜನಕ್ಕೆ ಆಯಿತು. ಅಂಥ ಫಲಿತಾಂಶ ನೋಡಿದ ಮೇಲೆ ಬುರುಡೆಯೊಳಗೂ ಹೀಗೇ ಆಗುತ್ತದೆ ಎಂದು ಆಸೆಪಡದವರು ಯಾರು?

ಬುರುಡೆಯೊಳಗೆ ಮೊದಲ ಪ್ರಯತ್ನ ಅದಕ್ಕೂ ಹಿಂದಿನದು. ನೆತ್ತಿಯ ಚರ್ಮಕ್ಕೆ ರಕ್ತ ಕೊಡುವ ನಾಳವನ್ನು ಬುರುಡೆಯೊಳಗಿನ ನಾಳಕ್ಕೆ ಹೊಲಿದು ಬೈಪಾಸ್ ಮಾಡುವುದು. ಮೆದುಳಿನ ಶಸ್ತ್ರವೈದ್ಯ ಗಾಜಿ ಯಾಸರ್ಗಿಲ್ 1967ರಲ್ಲಿ ಜ್ಯೂರಿಕ್‌ನಲ್ಲಿ ಈ ಆಪರೇಷನ್ ಮಾಡಿದರು. ಅದ್ಭುತ ಕೈಚಳಕ. ಆದರೆ 1985ರಲ್ಲಿ 1,377 ರೋಗಿಗಳ ಅಧ್ಯಯನ ಮುಗಿದಾಗ, ಬೈಪಾಸ್‌ನಿಂದ ಸ್ಟ್ರೋಕ್ ಕಮ್ಮಿಯಾಗಲಿಲ್ಲ ಎಂದು ತಿಳಿಯಿತು. 2023ರಲ್ಲಿ ಚೀನಾದಲ್ಲಿ ಹೊಸ ವಿಧಾನಗಳೊಂದಿಗೆ ಮತ್ತೆ ಪರೀಕ್ಷಿಸಿದಾಗಲೂ ಸ್ಪಷ್ಟ ಲಾಭ ಕಾಣಲಿಲ್ಲ.

ಆಮೇಲೆ ರಕ್ತ ತೆಳುವಾಗಿಸುವ ಮಾತ್ರೆಯ ಸರದಿ. ವಾರ್ಫರಿನ್ ಜಾಸ್ತಿ ಬಲವಾದ ಔಷಧ, ಹಾಗಾಗಿ ಆಸ್ಪಿರಿನ್‌ಗಿಂತ ಒಳ್ಳೆಯದು ಎಂದು ಬಹಳ ವೈದ್ಯರು ನಂಬಿದ್ದರು. ನರರೋಗ ತಜ್ಞ ಮಾರ್ಕ್ ಚಿಮೋವಿಟ್ಸ್ ಅವರ ತಂಡ ಅಮೆರಿಕದಲ್ಲಿ 569 ರೋಗಿಗಳಲ್ಲಿ ಎರಡನ್ನೂ ಹೋಲಿಸಿತು. 'ವಾಸಿಡ್' ಎಂಬ ಈ ಅಧ್ಯಯನದ ಫಲಿತಾಂಶ 2005ರಲ್ಲಿ ಬಂತು. ವಾರ್ಫರಿನ್‌ನಿಂದ ಸ್ಟ್ರೋಕ್ ಕಮ್ಮಿಯಾಗಲಿಲ್ಲ. ರಕ್ತಸ್ರಾವ ಮತ್ತು ಸಾವು ಹೆಚ್ಚಾದದ್ದರಿಂದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇದೇ ಅಧ್ಯಯನ ಇನ್ನೊಂದು ಕಹಿ ಸತ್ಯವನ್ನೂ ತೋರಿಸಿತು. ನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದವರಲ್ಲಿ, ಮಾತ್ರೆ ನುಂಗುತ್ತಿದ್ದರೂ, ಒಂದೇ ವರ್ಷದಲ್ಲಿ ನೂರಕ್ಕೆ ಸುಮಾರು 18 ಜನಕ್ಕೆ ಅದೇ ನಾಳದ ಭಾಗದಲ್ಲಿ ಮತ್ತೆ ಸ್ಟ್ರೋಕ್ ಆಯಿತು.

ಇಷ್ಟು ಅಪಾಯ ಇದ್ದಾಗ ವೈದ್ಯರು ಕೈಕಟ್ಟಿ ಕೂರುವುದು ಹೇಗೆ? ಅದೇ 2005ರಲ್ಲಿ ಮೆದುಳಿನ ನಾಳಕ್ಕೆಂದೇ ಮಾಡಿದ 'ವಿಂಗ್‌ಸ್ಪ್ಯಾನ್' ಎಂಬ ಸ್ಟೆಂಟ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ವಿಶೇಷ ಅನುಮತಿ ಕೊಟ್ಟಿತು. ಅದರ ಆಧಾರ 45 ರೋಗಿಗಳ ಒಂದು ಅಧ್ಯಯನ. ಹೋಲಿಸಿ ನೋಡಲು ಎದುರು ಗುಂಪೇ ಇರಲಿಲ್ಲ. ಸ್ಟೆಂಟ್ ಹಾಕುವುದು ಶುರುವಾಯಿತು.

ಸರಿಯಾದ ಹೋಲಿಕೆ ಆದದ್ದು 'ಸ್ಯಾಂಪ್ರಿಸ್' ಎಂಬ ಅಧ್ಯಯನದಲ್ಲಿ. ಇದೂ ಚಿಮೋವಿಟ್ಸ್ ಅವರದೇ. ಸ್ಟ್ರೋಕ್ ಅಥವಾ ಮುನ್ಸೂಚನೆ ಕಂಡು 30 ದಿನದೊಳಗಿನ, ನಾಳ ಶೇ. 70ರಿಂದ 99ರಷ್ಟು ಕಿರಿದಾದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಿಗಿಯಾದ ಔಷಧೋಪಚಾರ. ಇನ್ನೊಂದು ಗುಂಪಿಗೆ ಅದೇ ಔಷಧೋಪಚಾರದ ಜೊತೆಗೆ ಸ್ಟೆಂಟ್. 764 ಜನ ಸೇರಬೇಕಿತ್ತು. 451 ಜನ ಸೇರುವಷ್ಟರಲ್ಲಿ, 2011ರ ಏಪ್ರಿಲ್‌ನಲ್ಲಿ, ಸುರಕ್ಷತೆ ನೋಡಿಕೊಳ್ಳುವ ಸಮಿತಿ ಇನ್ನು ಯಾರನ್ನೂ ಸೇರಿಸಬೇಡಿ ಎಂದಿತು. ಮೊದಲ 30 ದಿನದಲ್ಲಿ ಸ್ಟ್ರೋಕ್ ಅಥವಾ ಸಾವು ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 14.7, ಮಾತ್ರೆಯ ಗುಂಪಿನಲ್ಲಿ 5.8. ಸ್ಟೆಂಟ್ ಗುಂಪಿನ ಆ 33 ಸ್ಟ್ರೋಕ್‌ಗಳಲ್ಲಿ 10 ಮೆದುಳಿನೊಳಗೆ ರಕ್ತಸ್ರಾವ ಆದವು. ಮಾತ್ರೆಯ ಗುಂಪಿನಲ್ಲಿ ಅಂಥ ರಕ್ತಸ್ರಾವ ಒಂದೂ ಇರಲಿಲ್ಲ.

ಶುರುವಿನ ಅಪಾಯ ದಾಟಿದವರಿಗೆ ಮುಂದೆ ಲಾಭ ಸಿಕ್ಕಿ ಲೆಕ್ಕ ಸಮ ಆಗಬಹುದು ಎಂದು ಕೆಲವರು ಕಾದರು. ಮೂರು ವರ್ಷದ ಹೊತ್ತಿಗೂ 23.9 ಮತ್ತು 14.9. ಸಮ ಆಗಲೇ ಇಲ್ಲ. 2012ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ವಿಂಗ್‌ಸ್ಪ್ಯಾನ್ ಬಳಕೆಯನ್ನು ಬಿಗಿ ಮಾಡಿತು. ಪೂರ್ತಿ ಔಷಧೋಪಚಾರದ ನಡುವೆಯೂ ಎರಡು ಅಥವಾ ಹೆಚ್ಚು ಸ್ಟ್ರೋಕ್ ಆದವರಿಗೆ, ಅದೂ ಕೊನೆಯ ಸ್ಟ್ರೋಕ್ ಆಗಿ ಏಳು ದಿನ ಕಳೆದ ಮೇಲೆ ಮಾತ್ರ ಎಂದಿತು. 2015ರಲ್ಲಿ ಬಂದ ಇನ್ನೊಂದು ಬಗೆಯ ಸ್ಟೆಂಟ್‌ನ ಅಧ್ಯಯನದಲ್ಲೂ ಸ್ಟೆಂಟ್ ಹಾಕಿಸಿಕೊಂಡವರ ಸ್ಥಿತಿಯೇ ಕೆಟ್ಟದಾಗಿತ್ತು.

ಹೃದಯದಲ್ಲಿ ನಡೆದದ್ದು ಮೆದುಳಿನಲ್ಲಿ ಯಾಕೆ ನಡೆಯಲಿಲ್ಲ? ಹೃದಯದ ನಾಳದ ಸುತ್ತ ಸ್ನಾಯು, ಕೊಬ್ಬು ಇದೆ, ಆಸರೆ ಇದೆ. ಮೆದುಳಿನ ನಾಳಗಳ ಗೋಡೆ ತೆಳು. ಹೊರಪದರದಲ್ಲಿ ಇರಬೇಕಾದ ಒಂದು ಹಿಗ್ಗುವ ಪದರ ಅವಕ್ಕಿಲ್ಲ. ಅವು ನೀರಿನಂಥ ದ್ರವದಲ್ಲಿ ಆಸರೆಯಿಲ್ಲದೆ ತೇಲುತ್ತಿರುತ್ತವೆ. ಅಗಲ ಎರಡೂವರೆ, ಮೂರು ಮಿಲಿಮೀಟರ್ ಅಷ್ಟೇ. ಅಲ್ಲಿಗೆ ತಲುಪುವ ದಾರಿ ಅಂಕುಡೊಂಕು. ಸ್ಟೆಂಟ್ ಸಾಗಿಸುವ ತಂತಿಯ ತುದಿ ಸ್ವಲ್ಪ ಜಾಸ್ತಿ ಮುಂದೆ ಹೋದರೆ ನಾಳಕ್ಕೆ ತೂತು ಬೀಳಬಹುದು. ಇಷ್ಟು ದಿನ ಕಮ್ಮಿ ರಕ್ತಕ್ಕೆ ಒಗ್ಗಿಕೊಂಡಿದ್ದ ಮೆದುಳಿಗೆ ಒಮ್ಮೆಗೇ ರಕ್ತ ನುಗ್ಗಿದರೆ ಅದರಿಂದಲೂ ರಕ್ತಸ್ರಾವ ಆಗಬಹುದು. ಮತ್ತು ಆ ಕೂದಲೆಳೆ ಕವಲುಗಳು! ಸ್ಟೆಂಟ್ ಅರಳಿದಾಗ ಕೊಬ್ಬು ಎಲ್ಲಿಗೆ ಹೋಗಬೇಕು? ಪಕ್ಕಕ್ಕೆ ಒತ್ತಿಕೊಂಡು ಕವಲುಗಳ ಬಾಯಿಗೆ ಹೋಗಿ ತುಂಬಿಕೊಳ್ಳುತ್ತದೆ. ದೊಡ್ಡ ನಾಳ ಚಂದವಾಗಿ ತೆರೆದುಕೊಂಡ ಚಿತ್ರ ಪರದೆಯ ಮೇಲೆ ಕಾಣುತ್ತದೆ, ರೋಗಿಯ ಕೈ ಮಾತ್ರ ಮೇಲೇಳುವುದಿಲ್ಲ.

ಸ್ಯಾಂಪ್ರಿಸ್‌ನ ಇನ್ನೊಂದು ಪಾಠಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂದು ನನಗನ್ನಿಸುತ್ತದೆ. ಅಲ್ಲಿ ಸ್ಟೆಂಟ್ ಸೋತದ್ದು ಅರ್ಧ ಕಥೆ. ಮಾತ್ರೆ ಗೆದ್ದದ್ದು ಉಳಿದರ್ಧ. ಹಿಂದಿನ ವಾಸಿಡ್ ಅಧ್ಯಯನದ ಇಂಥದೇ ರೋಗಿಗಳಿಗೆ ಹೋಲಿಸಿದರೆ, ಸ್ಯಾಂಪ್ರಿಸ್‌ನ ಮಾತ್ರೆ ಗುಂಪಿನಲ್ಲಿ ಒಂದು ವರ್ಷದ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇದಕ್ಕೆ ಹೊಸ ಔಷಧ ಯಾವುದೂ ಬಂದಿರಲಿಲ್ಲ. ಆಸ್ಪಿರಿನ್ ಜೊತೆಗೆ ಮೊದಲ 90 ದಿನ ಕ್ಲೊಪಿಡೋಗ್ರೆಲ್ ಎಂಬ ಇನ್ನೊಂದು ರಕ್ತ ತೆಳುವಾಗಿಸುವ ಮಾತ್ರೆ. ಕೆಟ್ಟ ಕೊಲೆಸ್ಟರಾಲ್ 70ಕ್ಕಿಂತ ಕೆಳಗೆ ಬರುವವರೆಗೆ ಸ್ಟಾಟಿನ್. ಮೇಲಿನ ಬಿ.ಪಿ. 140ರೊಳಗೆ, ಶುಗರ್ ಇದ್ದವರಿಗೆ 130ರೊಳಗೆ. ಸಿಗರೇಟು ಬಿಡಿಸುವುದು, ತೂಕ ಇಳಿಸುವುದು, ವ್ಯಾಯಾಮ. ಎಲ್ಲವೂ ಹಳೆಯವೇ. ಹೊಸದಾಗಿದ್ದದ್ದು ಬೆನ್ನುಬಿಡದ ನಿಗಾ. ಪ್ರತಿ ರೋಗಿಗೂ ಆಗಾಗ ಫೋನ್ ಮಾಡಿ ವಿಚಾರಿಸುವ, ಗುರಿ ಮುಟ್ಟದಿದ್ದರೆ ಡೋಸ್ ಬದಲಿಸುವ ವ್ಯವಸ್ಥೆ ಇತ್ತು. ದಿನಚರಿಯ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗುಣ ಕೊಟ್ಟದ್ದು ವ್ಯಾಯಾಮ ಎಂದು ಮುಂದೆ ಅದೇ ತಂಡ ಕಂಡುಕೊಂಡಿತು.

ಬಲೂನ್ ಮತ್ತೆ ಬಂದದ್ದು

ಸ್ಟೆಂಟ್‌ನ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕಾಯಿಲೆ ಹೆಚ್ಚಾಗಿರುವ ದೇಶದವರು ಹೇಗೆ ಬಿಟ್ಟಾರು? ಚೀನಾದ ವೈದ್ಯರ ವಾದಗಳು ಹೀಗಿದ್ದವು. ಸ್ಟ್ರೋಕ್ ಆದ ತಕ್ಷಣ ಕೊಬ್ಬಿನ ಗಡ್ಡೆ ಹಸಿಯಾಗಿರುತ್ತದೆ, ಆಗ ಕೈ ಹಾಕಬಾರದು. ಕವಲಿನ ಬಾಯಿ ಮುಚ್ಚಿ ಸ್ಟ್ರೋಕ್ ಆದವರನ್ನು ಸೇರಿಸಬಾರದು. ಚೆನ್ನಾಗಿ ಪಳಗಿದ ಕೈಗಳೇ ಮಾಡಬೇಕು. ಈ ಮೂರನ್ನೂ ಪಾಲಿಸಿ ಎಂಟು ಆಸ್ಪತ್ರೆಗಳಲ್ಲಿ ಸ್ಟೆಂಟ್ ಪರೀಕ್ಷೆ ಮಾಡಿದರು. 2022ರಲ್ಲಿ ಬಂದ 'ಕ್ಯಾಸಿಸ್' ಅಧ್ಯಯನ ಅದು. ಸ್ಟ್ರೋಕ್ ಆಗಿ ಮೂರು ವಾರ ಕಳೆದವರನ್ನೇ ಸೇರಿಸಿಕೊಂಡರು. ಫಲಿತಾಂಶ: ಮೊದಲ 30 ದಿನದ ಸ್ಟ್ರೋಕ್ ಅಥವಾ ಸಾವು, ಆಮೇಲೆ ಒಂದು ವರ್ಷದವರೆಗೆ ಅದೇ ನಾಳದ ಸ್ಟ್ರೋಕ್ ಎಲ್ಲ ಸೇರಿ ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 8.0, ಮಾತ್ರೆ ಗುಂಪಿನಲ್ಲಿ 7.2. ಅಪಾಯ ತಗ್ಗಿತ್ತು, ನಿಜ. ಲಾಭ ಮಾತ್ರ ಇರಲಿಲ್ಲ.

ಆಮೇಲೆ ಬಂದದ್ದು 'ಬೇಸಿಸ್'. 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಬೀಜಿಂಗ್‌ನ ತಿಯಾನ್‌ತಾನ್ ಆಸ್ಪತ್ರೆಯ ತಂಡದ ನೇತೃತ್ವದಲ್ಲಿ ಚೀನಾದ 31 ಕೇಂದ್ರಗಳಲ್ಲಿ ನಡೆದದ್ದು. ಇಲ್ಲಿ ಸ್ಟೆಂಟ್ ಬಿಟ್ಟು ಬರೀ ಬಲೂನ್ ಬಳಸಿದರು. ಅದನ್ನೂ ಪೂರ್ತಿ ಊದಲಿಲ್ಲ. ನಾಳದ ಸಹಜ ಅಗಲದ ಅರ್ಧದಿಂದ ಶೇ. 70ರವರೆಗಿನ ಅಳತೆಯ ಬಲೂನ್ ತೆಗೆದುಕೊಂಡು, ನಿಧಾನವಾಗಿ ಹಿಗ್ಗಿಸಿ, ತೆಗೆದುಬಿಡುವುದು. ಒಳಗೆ ಲೋಹ ಉಳಿಯುವುದಿಲ್ಲ.

ಅರ್ಧಂಬರ್ಧ ತೆರೆದರೆ ಏನು ಪ್ರಯೋಜನ ಅನ್ನಿಸಬಹುದು. ಇಲ್ಲಿ ಭೌತಶಾಸ್ತ್ರ ನಮ್ಮ ಕಡೆ ಇದೆ. ಕೊಳವೆಯೊಂದರಲ್ಲಿ ಹರಿವು ಅದರ ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಂದರೆ ಅಗಲ ಎರಡು ಪಟ್ಟಾದರೆ ಹರಿವು ಎರಡು ಪಟ್ಟಲ್ಲ, ಹದಿನಾರು ಪಟ್ಟು. ಜೀವಂತ ನಾಳದಲ್ಲಿ ಲೆಕ್ಕ ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ. ಆದರೂ ಸ್ವಲ್ಪ ಜಾಗ ಮಾಡಿದರೂ ರಕ್ತಕ್ಕೆ ಬಹಳ ದಾರಿ ಸಿಗುತ್ತದೆ ಎಂಬುದು ನಿಜ. ಕೊಬ್ಬನ್ನು ಜೋರಾಗಿ ಒತ್ತದ ಕಾರಣ ಕವಲುಗಳ ಬಾಯಿ ಮುಚ್ಚುವ ಭಯವೂ ಕಮ್ಮಿ.

ಬೇಸಿಸ್‌ನಲ್ಲಿ ಲೆಕ್ಕಕ್ಕೆ ಸಿಕ್ಕವರು 501 ಜನ. 35ರಿಂದ 80 ವರ್ಷದೊಳಗಿನವರು, ನಾಳ ಶೇ. 70ರಿಂದ 99ರಷ್ಟು ಕಿರಿದಾದವರು. ಸ್ಟ್ರೋಕ್ ಆದವರಾದರೆ 14 ದಿನ ಕಳೆದಿರಬೇಕು, 90 ದಿನ ಮೀರಿರಬಾರದು. ಒಂದು ವರ್ಷದ ಒಟ್ಟು ಫಲಿತಾಂಶದಲ್ಲಿ ಬಲೂನ್ ಗುಂಪಿನಲ್ಲಿ ನೂರಕ್ಕೆ 4.4 ಜನ, ಮಾತ್ರೆ ಗುಂಪಿನಲ್ಲಿ 13.5 ಜನ ತೊಂದರೆಗೊಳಗಾದರು. ನಾಳವನ್ನು ತೆರೆಯುವುದರಿಂದ ಒಳ್ಳೆಯದಾಯಿತು ಎಂದು ಇಂಥ ರೋಗಿಗಳಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿದ ದೊಡ್ಡ ಹೋಲಿಕೆ ಅದಕ್ಕೆ ಮುಂಚೆ ಬಂದಿರಲಿಲ್ಲ.

ಸಂತೋಷದ ಸುದ್ದಿಯೇ. ಆದರೆ ಆ 13.5ರ ಒಳಗೆ ಏನಿದೆ ಎಂದು ಬಿಡಿಸಿ ನೋಡಬೇಕು. ಮೊದಲ 30 ದಿನದ ಸ್ಟ್ರೋಕ್ ಅಥವಾ ಸಾವು ಬಲೂನ್ ಗುಂಪಿನಲ್ಲಿ 3.2, ಮಾತ್ರೆ ಗುಂಪಿನಲ್ಲಿ 1.6. ಅಂದರೆ ಶುರುವಿನ ಅಪಾಯ ಇಲ್ಲೂ ಬಲೂನ್ ಕಡೆಗೇ ಇತ್ತು. ಆಮೇಲಿನ ತಿಂಗಳುಗಳಲ್ಲಿ ಅದೇ ನಾಳದ ಸ್ಟ್ರೋಕ್ 0.4 ಮತ್ತು 7.5. ಇದು ದೊಡ್ಡ, ನಿಜವಾದ ಲಾಭ. ಇದರ ಜೊತೆಗೆ "ಆಮೇಲೆ ಅದೇ ನಾಳವನ್ನು ತೆರೆಯಬೇಕಾಗಿ ಬಂದದ್ದು" ಎಂಬುದನ್ನೂ ತೊಂದರೆಯ ಲೆಕ್ಕಕ್ಕೆ ಸೇರಿಸಿದ್ದರು: 1.2 ಮತ್ತು 8.3. ಇದರ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಯಾರಿಗೆ ಬಲೂನ್ ಆಗಿದೆ, ಯಾರಿಗೆ ಆಗಿಲ್ಲ ಎಂದು ರೋಗಿಗೂ ಗೊತ್ತು, ನೋಡಿಕೊಳ್ಳುವ ವೈದ್ಯರಿಗೂ ಗೊತ್ತು. "ನನಗೆ ಬರೀ ಮಾತ್ರೆ ಕೊಟ್ಟಿದ್ದಾರೆ" ಎಂದು ಆತಂಕದಲ್ಲಿರುವವರು ಸ್ವಲ್ಪ ತಲೆ ಸುತ್ತಿದರೂ ಆಸ್ಪತ್ರೆಗೆ ಓಡುತ್ತಾರೆ, ನಾಳ ತೆರೆಸಿಕೊಳ್ಳಲು ಒಪ್ಪುತ್ತಾರೆ. ಸ್ಟ್ರೋಕ್‌ನ ಅಂಕಿ ಒಂದನ್ನೇ ನೋಡಿದರೂ ಬಲೂನ್ ಮುಂದಿದೆ, ಆದರೆ 4.4 ಮತ್ತು 13.5 ತೋರಿಸುವಷ್ಟು ಮುಂದಿಲ್ಲ.

ಇನ್ನೊಂದು ಅಂಕಿ. ಬಲೂನ್ ಮಾಡಿಸಿಕೊಂಡವರಲ್ಲಿ ನೂರಕ್ಕೆ 17.4 ಜನಕ್ಕೆ ಚಿಕಿತ್ಸೆಯ ವೇಳೆ ಏನಾದರೊಂದು ತೊಡಕಾಯಿತು. ಅದರಲ್ಲಿ ಬಹುಪಾಲು ನಾಳದ ಒಳಗೋಡೆ ಸೀಳಿದ್ದು. ಹೆಚ್ಚಿನವರಿಗೆ ಅದರಿಂದ ಸ್ಟ್ರೋಕ್ ಆಗಲಿಲ್ಲ, ಅದಕ್ಕೆ ಆ ಕೈಗಳ ಪಳಗಿಕೆ ಕಾರಣ ಇರಬಹುದು. ಇಂಥ ಕೇಸುಗಳನ್ನು ದಂಡಿಯಾಗಿ ಮಾಡುವ ಆಸ್ಪತ್ರೆಗಳ ಫಲಿತಾಂಶ ಇದು. ವರ್ಷಕ್ಕೆ ನಾಲ್ಕೈದು ಕೇಸ್ ಮಾಡುವ ಕಡೆ ಇದೇ ಅಂಕಿ ಬರುತ್ತದೆ ಎಂದು ನಂಬುವುದು ಕಷ್ಟ.

ಹಾಗಾದರೆ ನನ್ನ ಅಭಿಪ್ರಾಯ ಏನು? ಬಲೂನ್‌ಗೆ ಈಗ ಒಂದು ಜಾಗ ಸಿಕ್ಕಿದೆ, ಆ ಜಾಗ ಕಿರಿದು. ಇತ್ತೀಚೆಗೆ ಸ್ಟ್ರೋಕ್ ಆಗಿರಬೇಕು. ಅದಕ್ಕೆ ಆ ನಾಳವೇ ಕಾರಣ ಎಂದು ಖಚಿತವಾಗಿರಬೇಕು. ಶೇ. 70ಕ್ಕಿಂತ ಹೆಚ್ಚು ಕಿರಿದಾಗಿರಬೇಕು. ಅಡ್ಡದಾರಿಗಳು ಸಾಲುತ್ತಿಲ್ಲ ಎಂದೋ, ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಮತ್ತೆ ಸ್ಟ್ರೋಕ್ ಆಯಿತು ಎಂದೋ ಕಾರಣ ಇರಬೇಕು. ಮಾಡುವವರು ಇದನ್ನು ಆಗಾಗ ಮಾಡುವವರಾಗಿರಬೇಕು. ತಲೆನೋವಿಗೆಂದು ಎಂ.ಆರ್.ಐ. ಮಾಡಿಸಿ, ಅದರಲ್ಲಿ ಅಕಸ್ಮಾತ್ ನಾಳ ಕಿರಿದಾದದ್ದು ಕಂಡವರಿಗೆ ಸ್ಟೆಂಟೂ ಬೇಡ, ಬಲೂನೂ ಬೇಡ. ಅವರಿಗೆ ಬೇಕಾದದ್ದು ಬಿ.ಪಿ., ಶುಗರ್, ಕೊಲೆಸ್ಟರಾಲ್ ಹತೋಟಿ. ಅಂದ ಹಾಗೆ ಎಂ.ಆರ್.ಐ.ಯ ನಾಳದ ಚಿತ್ರ ಕಿರಿದಾದ ಜಾಗವನ್ನು ಇರುವುದಕ್ಕಿಂತ ಜಾಸ್ತಿ ಮಾಡಿ ತೋರಿಸುವುದುಂಟು. ರಕ್ತ ಅಲ್ಲಿ ಸುಳಿಸುತ್ತಿ ಹರಿಯುವುದರಿಂದ ಚಿತ್ರದಲ್ಲಿ ಆ ಜಾಗ ಖಾಲಿ ಕಾಣುತ್ತದೆ. ದೊಡ್ಡ ನಿರ್ಧಾರಕ್ಕೆ ಮುಂಚೆ ನಾಳದೊಳಗೆ ತೆಳು ಕೊಳವೆ (ಕ್ಯಾಥೆಟರ್) ಹಾಕಿ ಮಾಡುವ ಆಂಜಿಯೋಗ್ರಾಮ್‌ನಲ್ಲಿ ಅಳೆದು ನೋಡಿದ್ದಾರೆಯೇ ಎಂದು ಕೇಳಬೇಕು.

ಲಕ್ವ ಹೊಡೆಯುತ್ತಿರುವ ಆ ಕ್ಷಣದ ಲೆಕ್ಕ ಮಾತ್ರ ಬೇರೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು ನೇರ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ದೊಡ್ಡ ನಾಳದ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಗೆ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಅವಕಾಶ. ಹೆಪ್ಪು ತೆಗೆದ ಮೇಲೆ ಕಿರಿದಾದ ಜಾಗ ಮತ್ತೆ ಮತ್ತೆ ಮುಚ್ಚಿಕೊಂಡರೆ ಅಲ್ಲೇ ಸ್ಟೆಂಟ್ ಹಾಕುವುದುಂಟು. ಅದು ಜೀವ ಉಳಿಸುವ ಆತುರದ ಕೆಲಸ. ಮೇಲೆ ಹೇಳಿದ ಅಂಕಿಗಳು ಅದಕ್ಕೆ ಅನ್ವಯಿಸುವುದಿಲ್ಲ.

ಮಾತ್ರೆ ಡಬ್ಬಿ

ಈಗ ನಮ್ಮ ಮನೆಗಳ ಕಡೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ದೇಶದಾದ್ಯಂತ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ನೂರಕ್ಕೆ 35.5 ಜನಕ್ಕೆ ಬಿ.ಪಿ. ಇದೆ, 11.4 ಜನಕ್ಕೆ ಶುಗರ್ ಇದೆ. ಮೆದುಳಿನ ನಾಳದಲ್ಲಿ ಕೊಬ್ಬು ಕೂರುವುದು ಇವರಲ್ಲೇ ಹೆಚ್ಚು. ಸ್ಯಾಂಪ್ರಿಸ್‌ನಲ್ಲಿ ಗೆದ್ದ ಮಾತ್ರೆಗಳೆಲ್ಲ ಇಲ್ಲಿ ಸಿಗುತ್ತವೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಜನೌಷಧಿ ಅಂಗಡಿಯಲ್ಲಿ ಬಹಳ ಅಗ್ಗಕ್ಕೆ ಸಿಗುತ್ತವೆ. ಸಿಗದೇ ಇರುವುದು ಆ ಬೆನ್ನುಬಿಡದ ನಿಗಾ.

ಮನೆಗಳಲ್ಲಿ ನಡೆಯುವುದು ಹೀಗೆ. ಒಂದು ತಿಂಗಳು ಎಲ್ಲರೂ ಹುಷಾರಾಗಿರುತ್ತಾರೆ. ಮಗಳು ಡಬ್ಬಿಗೆ ಮಾತ್ರೆ ತುಂಬಿಡುತ್ತಾಳೆ. ಕೈಗೆ ಬಲ ಬರುತ್ತದೆ, ಮಾತು ಸರಿಯಾಗುತ್ತದೆ. "ಈಗ ಹುಷಾರಾಗಿದ್ದೀನಲ್ಲ, ಇಷ್ಟೊಂದು ಮಾತ್ರೆ ಯಾಕೆ?" ಬಿ.ಪಿ. ಮಾತ್ರೆ ಒಮ್ಮೆ ಶುರು ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಎಂಬ ಭಯ ಒಂದು. ಸ್ಟಾಟಿನ್‌ನಿಂದ ಕೈಕಾಲು ನೋವು ಎಂಬ ದೂರು ಇನ್ನೊಂದು. ನೋವು ನಿಜವಾಗಿಯೂ ಇರಬಹುದು, ಆಗ ಡೋಸ್ ಅಥವಾ ಮಾತ್ರೆ ಬದಲಿಸಲು ಡಾಕ್ಟರನ್ನು ಕೇಳಬೇಕು, ತಾನಾಗಿ ನಿಲ್ಲಿಸಬಾರದು. ಅಷ್ಟರಲ್ಲಿ ಯಾರೋ ಲಕ್ವಕ್ಕೆ ನಾಟಿ ಔಷಧ ಕೊಡುವ ಊರಿನ ಹೆಸರು ಹೇಳುತ್ತಾರೆ. ಕಾರು ಮಾಡಿಕೊಂಡು ಹೋಗುತ್ತಾರೆ. ಅಲ್ಲಿ ಪಥ್ಯ ಹೇಳುತ್ತಾರೆ, ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಅನ್ನುವವರೂ ಇದ್ದಾರೆ. ಹೋಗುವವರನ್ನು ನಾನು ದೂರುವುದಿಲ್ಲ. ಮನೆಯ ಯಜಮಾನ ಹಾಸಿಗೆ ಹಿಡಿದಾಗ ಆಸೆ ಎಲ್ಲಿ ಕಂಡರೂ ಜನ ಹೋಗುತ್ತಾರೆ. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಬನ್ನಿ, ಆದರೆ ಮಾತ್ರೆ ಬಿಡಬೇಡಿ. ಕೈಕಾಲಿಗೆ ಬಲ ಬರುವುದು ಬೇರೆ, ಎರಡನೇ ಸ್ಟ್ರೋಕ್ ತಡೆಯುವುದು ಬೇರೆ. ಕಿರಿದಾದ ನಾಳ ಒಳಗೆ ಹಾಗೇ ಇರುತ್ತದೆ.

ಬಿ.ಪಿ. ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ, ಇದು ಓದಿದವರಲ್ಲೂ ಇದೆ. ನಾಳ ಕಿರಿದಾಗಿದ್ದರೆ ರಕ್ತ ನುಗ್ಗಲು ಒತ್ತಡ ಜಾಸ್ತಿ ಇರಬೇಕು, ಹಾಗಾಗಿ ಬಿ.ಪಿ. ಇಳಿಸಬಾರದು ಎಂದು. ಸ್ಟ್ರೋಕ್ ಆದ ಮೊದಲ ಕೆಲ ದಿನಗಳಲ್ಲಿ ಈ ಎಚ್ಚರ ಬೇಕು, ಡಾಕ್ಟರು ಅದನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಅಲ್ಲ. ವಾಸಿಡ್‌ನ ರೋಗಿಗಳನ್ನು ಮತ್ತೆ ಪರಿಶೀಲಿಸಿದಾಗ, ಬಿ.ಪಿ. ಹೆಚ್ಚಿದ್ದವರಿಗೇ ಹೆಚ್ಚು ಸ್ಟ್ರೋಕ್ ಆಗಿತ್ತು.

ಕ್ಲೊಪಿಡೋಗ್ರೆಲ್‌ನದೂ ಒಂದು ವಿಷಯ ಇದೆ. ಈ ಮಾತ್ರೆ ಹೊಟ್ಟೆಗೆ ಹೋದ ಮೇಲೆ ಯಕೃತ್ತಿನ ಒಂದು ಕಿಣ್ವ ಅದನ್ನು ಕೆಲಸಕ್ಕೆ ಬರುವ ರೂಪಕ್ಕೆ ತರಬೇಕು. ಏಷ್ಯಾದವರಲ್ಲಿ ಬಹಳ ಜನಕ್ಕೆ ಈ ಕಿಣ್ವ ಹುಟ್ಟಿನಿಂದಲೇ ಮಂದ. ಅಂಥವರನ್ನು ಆರಿಸಿ ಚೀನಾದಲ್ಲಿ 2021ರಲ್ಲಿ ಮುಗಿಸಿದ 6,412 ಜನರ ಅಧ್ಯಯನದಲ್ಲಿ, ಟಿಕಾಗ್ರೆಲಾರ್ ಎಂಬ ಬೇರೆ ಮಾತ್ರೆ ಕೊಟ್ಟಾಗ ಮೂರು ತಿಂಗಳಲ್ಲಿ ಸ್ಟ್ರೋಕ್ 7.6ರಿಂದ 6.0ಕ್ಕೆ ಇಳಿಯಿತು. ಮಾತ್ರೆ ತಪ್ಪದೆ ತೆಗೆದುಕೊಂಡರೂ ಮತ್ತೆ ಸ್ಟ್ರೋಕ್ ಆದರೆ, ಬಲೂನ್ ಕಡೆ ಹೋಗುವ ಮುಂಚೆ ಇದನ್ನೂ ವೈದ್ಯರ ಹತ್ತಿರ ಮಾತಾಡಬೇಕು.

ನಿಗಾ ಇಡುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲೂ ಉತ್ತರ ಹುಡುಕಿದ್ದಾರೆ. ಲುಧಿಯಾನದ ಡಾ. ಜಯರಾಜ್ ಪಾಂಡಿಯನ್ ಅವರ ನೇತೃತ್ವದಲ್ಲಿ 31 ಆಸ್ಪತ್ರೆಗಳು ಸೇರಿ 4,298 ಸ್ಟ್ರೋಕ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ 12 ಭಾಷೆಗಳಲ್ಲಿ ಮೊಬೈಲ್ ಸಂದೇಶ, ವಿಡಿಯೋ, ಕೈಪಿಡಿ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಮಾತ್ರೆ ಬಿಡದೆ ತೆಗೆದುಕೊಳ್ಳುವುದು ಸ್ವಲ್ಪ ಸುಧಾರಿಸಿತು. ಆದರೆ ಮತ್ತೆ ಸ್ಟ್ರೋಕ್, ಹೃದಯಾಘಾತ, ಸಾವು ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 5. ವ್ಯತ್ಯಾಸ ಇಲ್ಲ. ಮೊಬೈಲ್‌ಗೆ ಸಂದೇಶ ಕಳಿಸಿದರೆ ಸಾಲದು ಎಂದು ಇದರಿಂದ ನಾನು ಅರ್ಥ ಮಾಡಿಕೊಂಡದ್ದು. ಸ್ಯಾಂಪ್ರಿಸ್‌ನಲ್ಲಿ ಅಂಕಿ ಗುರಿ ಮುಟ್ಟದಿದ್ದರೆ ಯಾರಾದರೂ ಡೋಸ್ ಬದಲಿಸುತ್ತಿದ್ದರು. ಆ ಒಬ್ಬ ಮನುಷ್ಯ ಬೇಕು.

ಕರ್ನಾಟಕದಲ್ಲಿ ಆ ಮನುಷ್ಯನಿಗೆ ಜಾಗ ಇದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ನರರೋಗದ ಆರೈಕೆ ಸಿಗಬೇಕು ಎಂಬುದು ಅದರ ಉದ್ದೇಶ. ಊರೂರಿನಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಸ್ಟ್ರೋಕ್ ಆದವರ ಬಿ.ಪಿ. ತಿಂಗಳಿಗೊಮ್ಮೆ ಅಳೆದು, ಅದು 140 ದಾಟಿದ್ದರೆ ಅದೇ ವಾರ ಡೋಸ್ ಬದಲಾಗುವಂತೆ ಜಿಲ್ಲಾ ಆಸ್ಪತ್ರೆಗೆ ಕೊಂಡಿ ಹಾಕುವುದು ಇವೆರಡರ ನಡುವಿನ ಕೆಲಸ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಬಲೂನ್ ಮಾಡುವ ನುರಿತ ವೈದ್ಯರು ಇರುವುದು ಒಳ್ಳೆಯದೇ. ಆದರೆ ಒಂದು ಜಿಲ್ಲೆಯಲ್ಲಿ ತಡೆಯಬಹುದಾದ ಸ್ಟ್ರೋಕ್‌ಗಳಲ್ಲಿ ಹೆಚ್ಚಿನವು ತಪ್ಪುವುದು ಈ ಬಿ.ಪಿ. ಅಳೆಯುವ ಕೆಲಸದಿಂದ ಎಂದು ನಾನು ನಂಬುತ್ತೇನೆ.

ಅದಕ್ಕೂ ಮೊದಲು, ಇವತ್ತೇ ಮಾಡಬಹುದಾದ ಸಣ್ಣ ಕೆಲಸ ಒಂದಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಕ್ಲೊಪಿಡೋಗ್ರೆಲ್ ಮುಂದೆ "3 ತಿಂಗಳು" ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಎರಡು ರಕ್ತ ತೆಳುವಾಗಿಸುವ ಮಾತ್ರೆ ಬಹಳ ದಿನ ಒಟ್ಟಿಗೆ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ಆ ಗಡುವು. ಮನೆಯವರು ಅದನ್ನು ಇಡೀ ಚೀಟಿಗೆ ಅನ್ವಯಿಸಿಕೊಳ್ಳುತ್ತಾರೆ. ಮೂರು ತಿಂಗಳು ಮುಗಿಯಿತು, ಕೋರ್ಸ್ ಮುಗಿಯಿತು ಎಂದು ಆಸ್ಪಿರಿನ್, ಸ್ಟಾಟಿನ್, ಬಿ.ಪಿ. ಮಾತ್ರೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿಬಿಡುತ್ತಾರೆ. ಡಾಕ್ಟರು ಅದೇ ಚೀಟಿಯ ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆದುಕೊಡಬಹುದು. ಬರೆಯದಿದ್ದರೆ ನಾವೇ ಕೇಳಿ ಬರೆಸಿಕೊಳ್ಳಬಹುದು: "ಈ ಮಾತ್ರೆ ಇಂಥ ತಾರೀಕಿಗೆ ನಿಲ್ಲಿಸಿ. ಉಳಿದವನ್ನು ನಾನು ಹೇಳುವವರೆಗೆ ನಿಲ್ಲಿಸಬೇಡಿ."